ಭಾಗ್ಯಕ್ಕನ ಗಂಟಲು

ಭಾಗ್ಯಕ್ಕ ಆಡುತ್ತಿದ್ದಾಳೆಂದು ತಿಳಿಯಲು ಅಂಕಣದ ಹತ್ತಿರ ಹೋಗಬೇಕಾಗಿರಲಿಲ್ಲ. ಹಾಸನದ ನಮ್ಮ ಕಾಲೇಜಿನ ಗೇಟಿನಲ್ಲೇ ಅವಳ ಗಂಟಲು ಕೇಳುತ್ತಿತ್ತು. ದಂಡಿಗನಹಳ್ಳಿಯ ರೈತರ ಮನೆಯ ಹುಡುಗಿ, ನಮ್ಮ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ತರಗತಿಯಲ್ಲಿ ಹಾಜರಿಗೂ ಪಿಸುಗುಡುತ್ತಿದ್ದವಳು, ಎದುರಾಳಿಯ ಕೈಗೆ ಚೆಂಡು ಹೋಯಿತೋ, ಅಬ್ಬಬ್ಬಾ, ಬಾಯಿ ಮುಚ್ಚುತ್ತಿರಲಿಲ್ಲ.

ನಾನು ಅರಕಲಗೂಡಿನಿಂದ ಬಂದವಳು. ಬುಟ್ಟಿಗೆ ಚೆಂಡು ಹಾಕುತ್ತೇನೆಂಬ ಜಂಬ ನನಗೆ ಬೇಕಾದಷ್ಟಿತ್ತು. ತಡೆಯುವುದೆಂದರೆ ಮಾತ್ರ ಜೀವ ಪುಕಪುಕ. ಶಾಲೆಯ ತಂಡದಲ್ಲಿ ಯಾರಾದರೂ ನನ್ನನ್ನು ದಾಟಿ ಹೋದರೆ ಉಳಿದ ನಾಲ್ವರೂ ಸೊಂಟಕ್ಕೆ ಕೈಯಿಟ್ಟು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಅದಕ್ಕೇ ಎರಡು ಮಾರು ದೂರ ನಿಂತು, ತಡೆದಂತೆ ನಟಿಸುವುದನ್ನು ಚೆನ್ನಾಗಿ ಕಲಿತಿದ್ದೆ.

ಇಲ್ಲಿ ಮೊದಲ ದಿನವೇ ಒಬ್ಬಳು ನನ್ನ ಪಕ್ಕದಿಂದ ನುಸುಳಿ ಹೋದಳು. ನಾನು ತಲೆ ತಗ್ಗಿಸಿದೆ. ಎತ್ತುವಷ್ಟರಲ್ಲಿ ಭಾಗ್ಯಕ್ಕ ಅವಳಿಗೆ ಅಡ್ಡ ನಿಂತು ಚೆಂಡು ಕಿತ್ತುಕೊಂಡಾಗಿತ್ತು.

"ತಲೆ ಯಾಕಮ್ಮಿ ಬಗ್ಗುಸ್ತೀಯ? ಅವ್ಳು ನಿನ್ನೊಬ್ಳನ್ನ ದಾಟುದ್ರೆ ಆಗ್ಲಿಲ್ಲ, ಐದು ಜನನೂ ದಾಟ್ಬೇಕು. ಅತ್ರ ಓಗಿ ನಿಂತ್ಕ. ನಿನ್ನ ಇಂದ್ಗಡೆ ನಾನಿವ್ನಿ."

'ನಾನಿವ್ನಿ', ಅಂದರೆ ನಾನಿದ್ದೇನೆ ಎಂಬುದು ಅವಳು ತಂದ ಕಾನೂನು. ಹಿಂದೆ ಇದ್ದವರು ಮುಂದಿನವಳಿಗೆ ಕೇಳುವಂತೆ ಅದನ್ನು ಕೂಗಲೇಬೇಕು. ಇನ್ನೊಂದು ವಿಚಿತ್ರ: ಚೆಂಡು ಬುಟ್ಟಿಗೆ ಬಿದ್ದರೆ ನಮ್ಮಲ್ಲಿ ಚಪ್ಪಾಳೆಯಿಲ್ಲ, ಯಾರಾದರೂ ತಡೆದರೆ ಬೆಂಚಿನಲ್ಲಿ ಕೂತವರೂ ಎದ್ದು ಕುಣಿಯುತ್ತಿದ್ದರು. ನನಗೆ ಹೊಟ್ಟೆ ಉರಿಯಿತು. ಆ ಕುಣಿತ ನನಗೂ ಬೇಕೆನಿಸಿತು. ಹೀಗೆ ಅಡಿ ಅಡಿಯಾಗಿ ಎದುರಾಳಿಯ ಹತ್ತಿರ ಹೋಗತೊಡಗಿದೆ. ಹೊಳೆನರಸೀಪುರದ ರೇಖಾ ಒಬ್ಬಳು ಮಾತ್ರ ಏನು ಮಾಡಿದರೂ ಕೂಗುತ್ತಿರಲಿಲ್ಲ. "ನಾಚ್ಕೆ ಆಯ್ತದೆ ಕಣಕ್ಕಾ" ಅನ್ನುವಳು.

ಚನ್ನರಾಯಪಟ್ಟಣದಲ್ಲಿ ಫೈನಲ್. ನಾವು ಒಂದೇ ಅಂಕ ಮುಂದಿದ್ದೆವು. ಅಂಥಾ ಹೊತ್ತಿನಲ್ಲಿ ಐದನೇ ಫೌಲ್ ಆಗಿ ಭಾಗ್ಯಕ್ಕ ಹೊರಗೆ! ಕೊನೆಯ ಗಳಿಗೆ. ಅವರ ಕ್ಯಾಪ್ಟನ್ ಚೆಂಡು ಪುಟಿಸುತ್ತಾ ನೇರ ನನ್ನೆದುರಿಗೇ ಬಂದಳು. ಹಿಂದೆ ಭಾಗ್ಯಕ್ಕ ಇಲ್ಲವೆಂದು ಗೊತ್ತಿದ್ದ ನನ್ನ ಕಾಲು ತಾನಾಗಿ ಹಿಂದೆ ಸರಿಯಿತು.

ಆಗ ಬೆನ್ನ ಹಿಂದಿನಿಂದ ಒಂದು ಕೀರಲು ದನಿ: "ಓಗಕ್ಕಾ, ನಾನಿವ್ನಿ!"

ರೇಖಾ! ನಾನು ನುಗ್ಗಿ ಎದುರಾದೆ. ಆ ಹುಡುಗಿ ನನ್ನ ಎಡಕ್ಕೆ ತಿರುಗಿ ದಾಟಿದಳು. ಅಲ್ಲಿ ರೇಖಾ ಅಡ್ಡ ನಿಂತಿದ್ದಳು. ಅವರ ಕ್ಯಾಪ್ಟನ್ ತಡವರಿಸಿದ್ದೇ ತಡ, ಹಿಂದಿನಿಂದ ನಾನು ಚೆಂಡನ್ನು ತಟ್ಟಿ ಹಾರಿಸಿದೆ. ಸೀಟಿ ಮೊಳಗಿತು. ಗೆದ್ದೆವು.

ಭಾಗ್ಯಕ್ಕ ಓಡಿ ಬಂದಳು. ನಾನು ಕೈಚಾಚಿ ನಿಂತರೆ ಪುಣ್ಯಾತ್ಗಿತ್ತಿ ನನ್ನನ್ನು ದಾಟಿಕೊಂಡು ಹೋಗಿ ರೇಖಾಳನ್ನು ತಬ್ಬಿ ಅತ್ತುಬಿಟ್ಟಳು. "ಕಪ್ ಬುಡ್ರೇ ಅತ್ಲಾಗೆ, ಇವ್ಳು ಬಾಯ್ಬುಟ್ಲು ಕಣ್ರೇ!" ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಇಂಥವಳ ತಂಡದಲ್ಲಿದ್ದೇನಲ್ಲಾ ಎಂದು ಎದೆಯುಬ್ಬಿತು.

ಭಾಗ್ಯಕ್ಕ ಈಗ ದೂರದ ಬೀದರಿನಲ್ಲಿ ಪೊಲೀಸ್. ನಮ್ಮ ಕಾಲೇಜಿನ ಅದೇ ಅಂಕಣದಲ್ಲಿ ಸಂಜೆ ನಾನು ಹುಡುಗಿಯರಿಗೆ ಆಟ ಹೇಳಿಕೊಡುತ್ತೇನೆ. ಮೊನ್ನೆ ಅವಳು ಫೋನು ಮಾಡಿದಾಗ ಅಂಕಣದ ಕಡೆ ಫೋನು ಹಿಡಿದೆ. ಅವಳ ಮುಖವನ್ನೇ ಕಾಣದ ಹುಡುಗಿಯರು 'ನಾನಿವ್ನಿ, ನಾನಿವ್ನಿ' ಎಂದು ಗಂಟಲು ಹರಿದುಕೊಳ್ಳುತ್ತಿದ್ದರು.

"ಕೇಳುಸ್ತಾ ಅಕ್ಕಾ?" ಎಂದೆ, ಹೆಮ್ಮೆಯಿಂದ.

ಆ ಕಡೆ ಅವಳು ಒಂದು, ಎರಡು ಎಂದು ಎಣಿಸುವುದು ಕೇಳಿತು. ಆಮೇಲೆ: "ನಾಕೇ ಗಂಟ್ಲು ಕೇಳ್ತವೆ ಕಣಮ್ಮಿ. ಇನ್ನೊಬ್ಳು ಯಾರು, ಸುಮ್ಕೆ ನಿಂತಿರದು?"

ತಿರುಗಿ ನೋಡಿದೆ. ಹೊಸದಾಗಿ ಸೇರಿದ ಹುಡುಗಿ, ಎದುರಾಳಿಯಿಂದ ಎರಡು ಮಾರು ದೂರದಲ್ಲಿ ನಿಂತಿದ್ದಳು. ಫೋನನ್ನು ಕಟ್ಟೆಯ ಮೇಲಿಟ್ಟು, ಅವಳ ಹಿಂದೆ ಹೋಗಿ ನಿಂತೆ.