ಹೊಳೆಯಾಚೆ ಕೇಳಿಸಿದ ದನಿ

ಆ ಊರಿನಲ್ಲಿ ಚುನಾವಣೆ ಅಂದರೆ ಮೊದಲು ಕೇಳಿಸುತ್ತಿದ್ದುದು ಮೈಕಣ್ಣನ ದನಿ. ಹೆತ್ತವರು ಇಟ್ಟ ಹೆಸರು ಏನೋ ಇತ್ತು, ಅದು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಹೆಂಡತಿ ಕೂಡ ಪರರ ಮುಂದೆ "ನಮ್ಮ ಮೈಕು" ಅನ್ನುತ್ತಿದ್ದಳು.

ಮೀಸೆ ಚಿಗುರುವ ವಯಸ್ಸಿನಲ್ಲಿ ಪ್ರಚಾರದ ಜೀಪು ಹತ್ತಿದವನು. ಆಗ ಕ್ಷೇತ್ರವೆಲ್ಲ ನೂಲಿನ ಮಿಲ್ಲಿನ ದೊಡ್ಡ ಧಣಿಯ ಕೈಯಲ್ಲಿತ್ತು. ಧಣಿಯ ಎದುರು ನಿಂತವರೆಲ್ಲ ಠೇವಣಿ ಕಳೆದುಕೊಂಡು ಮನೆ ಸೇರುತ್ತಿದ್ದರು. ಮೈಕಣ್ಣ ಬೆಳಿಗ್ಗೆ ಧಣಿಗೆ ಕೂಗಿದರೆ ಸಂಜೆ ಎದುರಾಳಿಗೆ ಕೂಗುತ್ತಿದ್ದ. "ಗಂಟಲು ಬಾಡಿಗೆಗೆ, ಓಟು ನನ್ನದು" ಅಂತ ನಗುತ್ತಿದ್ದ. ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಒಬ್ಬರ ಪರ ಕೂಗುವಾಗ ಇನ್ನೊಬ್ಬರ ಮೇಲೆ ಇಲ್ಲದ್ದು ಹೇಳುವವನಲ್ಲ ಅನ್ನುವ ನಂಬಿಕೆ ಎರಡೂ ದಡದಲ್ಲಿತ್ತು.

ಎರಡು ದಡ ಅಂದೆನಲ್ಲ, ಕ್ಷೇತ್ರದ ಹಣೆಬರಹವೇ ಅದು. ಹೊಳೆಯ ಈಚೆ ಮಿಲ್ಲು, ಪೇಟೆ, ಕಚೇರಿಗಳು. ಆಚೆ ದೋಣಿಯವರು, ಇಟ್ಟಿಗೆ ಸುಡುವವರು, ಕಲ್ಲು ಒಡೆಯುವವರು. ಮೊದಲು ಆಚೆ ದಡ ಬೇರೆ ಕ್ಷೇತ್ರಕ್ಕೆ ಸೇರಿತ್ತು. ಸೇತುವೆ ಕಟ್ಟಿದ ಮೇಲೆ ಗಡಿ ಬದಲಾಗಿ ಅದೂ ಇಲ್ಲಿಗೇ ಬಂತು. ಅಲ್ಲಿಂದ ಧಣಿಯ ನಿದ್ದೆ ಕೆಟ್ಟಿತು.

ಆ ಸಲ ಧಣಿಯ ಎದುರು ಇಬ್ಬರು ನಿಂತರು. ಈಚೆಯ ಶಾಲೆಯ ಮೇಷ್ಟ್ರು ಒಬ್ಬರು, ಆಚೆಯ ಆಸ್ಪತ್ರೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿದ್ದ ದಾದಮ್ಮ ಇನ್ನೊಬ್ಬರು. ಇಬ್ಬರೂ ಮತ ಹಂಚಿಕೊಂಡರೆ ಧಣಿಗೆ ಹಬ್ಬ ಅನ್ನುವುದು ಕೊನೆಗಳಿಗೆಯಲ್ಲಿ ದಾದಮ್ಮನಿಗೆ ಹೊಳೆಯಿತು. ಆಕೆ ಮೈಕಣ್ಣನನ್ನು ಕರೆಸಿ ಹೇಳಿಸಿದಳು: "ದಾದಮ್ಮ ಸ್ಪರ್ಧೆಯಿಂದ ಹಿಂದೆ ಸರಿದಿದ್ದಾರೆ. ಅವರಿಗೆ ಹಾಕಬೇಕೆಂದಿದ್ದ ಮತವನ್ನು ಮೇಷ್ಟ್ರಿಗೆ ಹಾಕಿ." ಎರಡು ಜೀಪುಗಳಲ್ಲಿ ಒಟ್ಟಿಗೆ ಹಾಕಲೆಂದು ಮೈಕ್‌ಸೆಟ್ ಅಂಗಡಿಯವನು ಅದನ್ನು ಕ್ಯಾಸೆಟ್ಟಿಗೂ ಇಳಿಸಿಕೊಂಡ. ಮೇಷ್ಟ್ರು ಕೂದಲೆಳೆಯಲ್ಲಿ ಗೆದ್ದರು. ಮಿಲ್ಲಿನ ಮನೆ ಮೊದಲ ಸಲ ಸೋತಿತು. ಅವಮಾನಕ್ಕೋ ವಯಸ್ಸಿಗೋ, ದೊಡ್ಡ ಧಣಿ ಹೆಚ್ಚು ದಿನ ಉಳಿಯಲಿಲ್ಲ. ಮುಂದಿನ ಚುನಾವಣೆಯಲ್ಲಿ ಮಗ ಸಣ್ಣ ಧಣಿ ಕ್ಷೇತ್ರವನ್ನು ಮತ್ತೆ ಕಿತ್ತುಕೊಂಡ.

ಅದಾದ ಮೇಲಿನ ಚುನಾವಣೆಗೆ ದಾದಮ್ಮ ಒಬ್ಬಳೇ ಸಣ್ಣ ಧಣಿಯ ಎದುರು ನಿಂತಳು. ಮೈಕಣ್ಣನಿಗೆ ಹೇಳಿ ಕಳಿಸಿದಳು. ಅವನು ಹೋಗಲಿಲ್ಲ. ಒಬ್ಬಳೇ ಮಗಳು ಮಿಲ್ಲಿನಲ್ಲಿ ನೂಲು ಸುತ್ತುವ ವಿಭಾಗಕ್ಕೆ ಸೇರಿದ್ದಳು, ಇನ್ನೂ ಕಾಯಂ ಆಗಿರಲಿಲ್ಲ. ಸಣ್ಣ ಧಣಿಯ ಕಡೆಯವರೂ ಈ ಸಲ ಅವನನ್ನು ಕರೆಯಲಿಲ್ಲ. ಎರಡು ವರ್ಷದ ಹಿಂದೆ ಜೀಪಿನ ಮೆಟ್ಟಿಲಿನಿಂದ ಬಿದ್ದು ಮೇಲಿನ ಎರಡು ಹಲ್ಲು ಹೋಗಿದ್ದವು. 'ಸ' ಅಂದಾಗಲೆಲ್ಲ ಕುಕ್ಕರ್ ಕೂಗಿದ ಹಾಗೆ ಸೀಟಿ ಬರುತ್ತಿತ್ತು. ನಗರದಿಂದ ಹೊಸ ದನಿ ತರಿಸಿದರು. "ಒಳ್ಳೇದೇ ಆಯ್ತು ಬಿಡಿ" ಅಂದಳು ಹೊಲಿಗೆ ಯಂತ್ರ ತುಳಿಯುತ್ತಿದ್ದ ಹೆಂಡತಿ. "ಈ ಸಲ ಬಾಯಿಗೆ ಬೀಗ ಹಾಕ್ಕೊಂಡು ಮನೇಲಿರಿ."

ಪ್ರಚಾರದ ಕೊನೆಯ ಮಧ್ಯಾಹ್ನ. ಮೈಕಣ್ಣ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ. ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು. ಆಚೆ ದಡದಲ್ಲಿ ಮೈಕು ಕೂಗತೊಡಗಿತು. ಮೊದಲು ಅವನು ಗಮನ ಕೊಡಲಿಲ್ಲ. ಆಮೇಲೆ ಕೈಯಲ್ಲಿದ್ದ ಲಂಗವನ್ನು ಹಗ್ಗಕ್ಕೆ ಹಾಕದೆ ಕಿವಿಗೊಟ್ಟ.

"ದಾದಮ್ಮ ಸ್ಪರ್ಧೆಯಿಂದ ಹಿಂದೆ ಸರಿದಿದ್ದಾರೆ... ದಾದಮ್ಮ ಸ್ಪರ್ಧೆಯಿಂದ ಹಿಂದೆ ಸರಿದಿದ್ದಾರೆ..."

ಅವನದೇ ದನಿ.

ಹೆಂಡತಿ ಯಂತ್ರ ನಿಲ್ಲಿಸಿ ಹಿತ್ತಿಲಿಗೆ ಓಡಿಬಂದಳು. ಅಲ್ಲಿ ದನಿ ಕೂಗುತ್ತಿದೆ, ಇಲ್ಲಿ ಗಂಡ ಒದ್ದೆ ಲಂಗ ಹಿಡಿದು ನಿಂತಿದ್ದಾನೆ. "ರೀ, ಇದೇನಿದು? ನೀವು ಇಲ್ಲೇ ಇದೀರಲ್ಲ!"

ಲಂಗವನ್ನು ಅವಳ ಕೈಗೆ ತುರುಕಿ ಅವನು ಸೈಕಲ್ ಹತ್ತಿದ. ಸೇತುವೆ ದಾಟುವಷ್ಟರಲ್ಲಿ ಏದುಸಿರು. ಇಟ್ಟಿಗೆ ಗೂಡುಗಳ ಬೀದಿಯಲ್ಲಿ ಜೀಪು ಸಿಕ್ಕಿತು. ಮುಂದಿನ ಸೀಟಿನಲ್ಲಿ ಮಿಲ್ಲಿನ ಮ್ಯಾನೇಜರ್ ಕೂತಿದ್ದ. ಮೈಕಣ್ಣ ಸೈಕಲ್ಲನ್ನು ಜೀಪಿಗೆ ಅಡ್ಡ ಹಾಕಿದ.

"ಸ್ವಾಮಿ, ಇದು ಹಳೇ ಕ್ಯಾಸೆಟ್ಟು. ಅರ್ಧಕ್ಕೇ ಕತ್ತರಿಸಿದೀರ. ನಿಲ್ಲಿಸಿ!"

ಮ್ಯಾನೇಜರ್ ಕೆಳಗಿಳಿದು ಅವನ ಹೆಗಲ ಮೇಲೆ ಕೈ ಹಾಕಿದ. ದೂರದಿಂದ ನೋಡುವವರಿಗೆ ಹಳೇ ಗೆಳೆಯರ ಹಾಗೆ ಕಾಣುತ್ತಿತ್ತು. "ನಿನ್ನದೇ ಮಾತಲ್ವಾ ಮೈಕಣ್ಣ? ಕೂಗಿದ್ದು ನೀನು ತಾನೆ? ನಾವೇನು ಹೊಸದಾಗಿ ಹೇಳಿಸಿದ್ವಾ?" ಆಮೇಲೆ ದನಿ ತಗ್ಗಿಸಿದ. "ಮಗಳ ಕೈ ಚುರುಕಾಗಿದೆಯಂತೆ. ಮುಂದಿನ ತಿಂಗಳು ಕಾಯಂ ಮಾಡೋಣ ಅಂತಿದ್ದೆ. ನೋಡೋಣ."

ಮೈಕಣ್ಣ ಸೈಕಲ್ಲಿನ ಹಿಡಿ ಬಿಟ್ಟ. ಡ್ರೈವರ್ ಸೈಕಲ್ಲನ್ನು ಪಕ್ಕಕ್ಕೆ ಸರಿಸಿದ, ಜೀಪು ಮುಂದೆ ಹೋಯಿತು. ಪ್ರಚಾರದ ಗಡುವು ಮುಗಿಯುವ ತನಕ ಅವನ ದನಿ ಬೀದಿ ಬೀದಿ ಸುತ್ತಿತು. ಆಮೇಲೆ ಎಲ್ಲ ಮೈಕುಗಳೂ ನಿಂತವು. ಇನ್ನು ಯಾರೂ ಮೈಕು ಹಿಡಿದು ಅದನ್ನು ಅಲ್ಲಗಳೆಯುವ ಹಾಗಿರಲಿಲ್ಲ.

ದಾದಮ್ಮನ ಮನೆ ಮುಂದೆ ಜನ ಮುಗಿಬಿದ್ದಿದ್ದರು. "ಎಷ್ಟು ಕೊಟ್ರು ನಿಂಗೆ?" ಅಂತ ಒಬ್ಬ ದಾದಮ್ಮನಿಗೇ ಕೂಗಿದ. ಅವನನ್ನು ಭೂಮಿಗೆ ತಂದವಳು ಅದೇ ದಾದಮ್ಮ. ಮೈಕಣ್ಣನನ್ನು ಕಂಡು ಆಕೆ ಬೈಯಲಿಲ್ಲ. ಆಕೆಯ ಕೈ ಮಾತ್ರ ಬಾಗಿಲ ಚೌಕಟ್ಟನ್ನು ಬಿಗಿಯಾಗಿ ಹಿಡಿದಿತ್ತು. "ನಾನು ನಿಂತಿದೀನಿ ಅಂತ ನಾನೇ ಹೇಳಿದ್ರೂ ನಂಬ್ತಿಲ್ಲ ಕಣಪ್ಪ. ನಿನ್ನ ದನಿ ಕೇಳಿದಾರಲ್ಲ" ಅಂದಳು.

ಮನೆಗೆ ಬಂದವನು ಮೂಲೆ ಹಿಡಿದ. ಮಿಲ್ಲಿನಿಂದ ಬಂದ ಮಗಳು ತಲೆಗೆ ಅಂಟಿದ್ದ ಹತ್ತಿಯ ಎಳೆ ಬಿಡಿಸುತ್ತ ಎಲ್ಲ ಕೇಳಿಸಿಕೊಂಡಳು.

"ನಾಳೆ ಒಂದು ದಿನ ಇದೆ. ಮನೆ ಮನೆಗೆ ಹೋಗಿ ಹೇಳಬಹುದು" ಅಂದ ಅವನು. "ಆದರೆ ನಿನ್ನ ಕೆಲಸ..."

"ಹೋಗೋದಾದ್ರೆ ಹೋಗು, ಬೇಡಾಂದ್ರೆ ಬಿಡು. ನನ್ನನ್ನ ಮುಂದಿಟ್ಕೊಂಡು ನೀನು ಬಚ್ಚಿಟ್ಕೋಬೇಡ ಅಪ್ಪ."

ಹೆಂಡತಿ ಮಗಳ ಮೇಲೆ ರೇಗಿದಳು, ಗಂಡನ ಮೇಲೆ ರೇಗಿದಳು, ಕೊನೆಗೆ ಸೂಜಿಯ ಮೇಲೂ ರೇಗಿದಳು. ಬೆಳಿಗ್ಗೆ ಮಾತ್ರ ಅವನಿಗೆ ಬುತ್ತಿ ಕಟ್ಟಿಕೊಟ್ಟಳು.

ಆಚೆ ದಡದ ಮೊದಲ ಬೀದಿಯಲ್ಲೇ ಬಾಗಿಲುಗಳು ಮುಖದ ಮೇಲೆ ಮುಚ್ಚಿಕೊಂಡವು. "ನಿನ್ನೆ ಸರಿದಿದಾಳೆ ಅಂದೆ, ಇವತ್ತು ಸರಿದಿಲ್ಲ ಅಂತೀಯ. ನಾಳೆ ಏನಂತೀಯ?" ಎರಡನೇ ಬೀದಿಯಲ್ಲಿ ಯಾರೋ ಮಣ್ಣಿನ ಹೆಂಟೆ ಎಸೆದರು. ಹಿಟ್ಟಿನ ಗಿರಣಿಯ ಹತ್ತಿರ ಕಲ್ಲು ಒಡೆಯುವ ನಾಲ್ಕೈದು ಜನ ಅವನನ್ನು ಒಳಕ್ಕೆ ತಳ್ಳಿ ಗೋಡೆಗೆ ಒತ್ತಿ ಹಿಡಿದರು. ಒಬ್ಬನ ಮುಷ್ಟಿ ಅವನ ಅಂಗಿಯ ಕೊರಳಲ್ಲಿತ್ತು. ಯಂತ್ರದ ಗದ್ದಲದಲ್ಲಿ ಅವನು ಏನು ಕೂಗಿದರೂ ಕೇಳುತ್ತಿರಲಿಲ್ಲ. ಮುಖಕ್ಕೆಲ್ಲ ಹಿಟ್ಟು ಮೆತ್ತಿಕೊಂಡಿತ್ತು.

ಗಿರಣಿ ನಡೆಸುವ ಹೆಂಗಸು ಯಂತ್ರ ನಿಲ್ಲಿಸಿದಳು. "ಹೊಡೆಯೋದಾದ್ರೆ ಹೊರಗೆ ಹೊಡೀರಿ, ನನ್ನ ಹಿಟ್ಟು ಹಾಳಾಗತ್ತೆ."

ಆ ಮೌನದಲ್ಲಿ ಮೈಕಣ್ಣ ಜೀವ ಕೈಯಲ್ಲಿ ಹಿಡಿದು ಹೇಳಿದ: "ಸತ್ಯವಾಗಲೂ ದಾದಮ್ಮ ಸ್ಪರ್ಧೆಯಿಂದ ಸರಿದಿಲ್ಲ, ಸ್ವಾಮಿ..."

ಪದಕ್ಕೊಂದು ಸೀಟಿ. ಗಿರಣಿಯ ಹೆಂಗಸು ಹುಬ್ಬು ಗಂಟಿಕ್ಕಿದಳು. "ಇನ್ನೊಂದು ಸಲ ಹೇಳು."

"ಸ್ಪರ್ಧೆಯಿಂದ ಸರಿದಿಲ್ಲ."

"ನಿನ್ನೆ ಈ ಸೀಟಿ ಇರಲಿಲ್ಲ."

ಅವನಿಗೂ ಆಗಲೇ ಹೊಳೆದದ್ದು. ಬಾಯಿ ಅಗಲಿಸಿ ತೋರಿಸಿದ. "ಎರಡು ವರ್ಷ ಆಯ್ತು ಹೋಗಿ. ನಿನ್ನೆ ಕೂಗಿದ್ದು ಹಲ್ಲಿದ್ದ ಕಾಲದ್ದು."

ಕೊರಳಲ್ಲಿದ್ದ ಮುಷ್ಟಿ ಸಡಿಲವಾಯಿತು. ಒಬ್ಬ ತಡೆಯಲಾರದೆ ಕಿಸಕ್ಕನೆ ನಕ್ಕ. ಇನ್ನೊಬ್ಬ "ಅಯ್ಯೋ ನನ್ಮಕ್ಳು!" ಅಂತ ಮಿಲ್ಲಿನವರನ್ನು ಬೈಯುತ್ತ ಹೊರಗೆ ಓಡಿದ. ಅಲ್ಲಿಂದ ಮುಂದೆ ಅವರೇ ಅವನನ್ನು ಬೀದಿ ಬೀದಿಗೆ ಕರೆದೊಯ್ದು ಬಾಗಿಲು ತಟ್ಟಿ "ಸ ಅನ್ನು, ಸ ಅನ್ನು" ಅಂತ ಹೇಳಿಸಿದರು. ಬೆಳಕಿರುವವರೆಗೂ ಅವನು ಬಾಯಿ ಮುಚ್ಚಲಿಲ್ಲ. ಆದರೂ ಗುಡ್ಡದ ಮೇಲಿನ ಕೇರಿಗಳು ಉಳಿದುಹೋದವು. ಮೈಕು ಅಲ್ಲಿಗೂ ಹೋಗಿತ್ತು, ಅವನ ಕಾಲು ಹೋಗಲಿಲ್ಲ.

ಎಣಿಕೆಯ ದಿನ ಕಾಲೇಜಿನ ಮೈದಾನದಲ್ಲಿ ಸೂಜಿ ಬಿದ್ದರೆ ಕೇಳುವ ಹಾಗಿತ್ತು. ಒಂದು ಸುತ್ತಿನಲ್ಲಿ ಧಣಿ, ಒಂದು ಸುತ್ತಿನಲ್ಲಿ ದಾದಮ್ಮ. ಹೊಳೆದಂಡೆಯ ಪೆಟ್ಟಿಗೆಗಳು ತೆರೆದಾಗ ಆಚೆಯವರು ಕುಣಿದರು. ಗುಡ್ಡದ ಪೆಟ್ಟಿಗೆಗಳು ಕೊನೆಗೆ ಬಂದವು. ನೂರು ಚಿಲ್ಲರೆ ಮತಗಳಿಂದ ದಾದಮ್ಮ ಸೋತಳು.

ಮೈಕಣ್ಣ ಬೇಲಿ ಹಿಡಿದು ಅಲ್ಲೇ ಕೂತ. ಮರುದಿನ ಮಿಲ್ಲಿನ ಗೇಟಿನಲ್ಲಿ ಮಗಳನ್ನು ತಡೆದು ವಾಪಸು ಕಳಿಸಿದರು.

ದಾದಮ್ಮ ಕೋರ್ಟಿಗೆ ಹೋದಳು. ಸಾಕ್ಷಿ ಹೇಳಬೇಡ ಅಂತ ಮ್ಯಾನೇಜರ್ ಎರಡು ಸಲ ಮನೆಗೆ ಬಂದ. ಮಗಳನ್ನು ವಾಪಸು ಕರೆಸಿಕೊಳ್ಳುತ್ತೇನೆ ಅಂದ, ಆಮೇಲೆ ಇವನ ಕೈಕಾಲು ಮುರಿಯುವ ಮಾತೂ ಆಡಿದ. ಎರಡನೇ ಸಲ ಹೆಂಡತಿ ಕತ್ತರಿ ಹಿಡಿದೇ ಬಾಗಿಲಿಗೆ ಬಂದದ್ದರಿಂದ ಮೂರನೇ ಸಲ ಬರಲಿಲ್ಲ. ಕಟಕಟೆಯಲ್ಲಿ ನಿಂತು ಮೈಕಣ್ಣ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಮೈಕ್‌ಸೆಟ್ ಅಂಗಡಿಯವನೂ ಕ್ಯಾಸೆಟ್ಟನ್ನು ಮ್ಯಾನೇಜರ್ ಕೈಗೆ ಕೊಟ್ಟೆ ಅಂತ ಒಪ್ಪಿಕೊಂಡ. ಎರಡು ವರ್ಷ ಎಳೆದ ಮೇಲೆ ಆ ಚುನಾವಣೆ ರದ್ದಾಯಿತು. ಮರುಚುನಾವಣೆಯಲ್ಲಿ ಗುಡ್ಡದ ಕೇರಿಗಳೂ ಸೇರಿ ದಾದಮ್ಮನನ್ನು ಗೆಲ್ಲಿಸಿದವು. ಮಿಲ್ಲಿನ ಮನೆಯವರು ಆಮೇಲೂ ಗೆದ್ದಿದ್ದಾರೆ, ಸೋತಿದ್ದಾರೆ. ಕ್ಷೇತ್ರ ಮಾತ್ರ ಅವರ ಮನೆಯ ಆಸ್ತಿಯಾಗಿ ಉಳಿಯಲಿಲ್ಲ.

ಗೆದ್ದ ವಾರವೇ ದಾದಮ್ಮ ಮೈಕಣ್ಣನ ಮನೆಗೆ ಬಂದಳು. ಹಾರ ತುರಾಯಿ ಏನೂ ಇಲ್ಲ. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತು, ಬಟ್ಟೆಯ ಅಂಚು ಮಡಿಸುತ್ತಿದ್ದ ಮಗಳನ್ನು ಬಹಳ ಹೊತ್ತು ನೋಡಿದಳು. ಆ ನೋಟಕ್ಕೆ ಮೈಕಣ್ಣನಿಗೆ ಕೂರಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ.

"ಕೆಲಸ ಹೋಯ್ತಲ್ಲಮ್ಮ ನಿಂದು" ಅಂದಳು ದಾದಮ್ಮ. "ನನ್ನ ಮೇಲೆ ಸಿಟ್ಟಿದೆಯಾ?"

ಮಗಳು ಬಾಯಲ್ಲಿದ್ದ ದಾರ ಕಡಿದು ಉಗಿದಳು. "ಇತ್ತು. ಈಗ ಅದೆಲ್ಲ ಅಮ್ಮನ ಮೇಲೆ. ದಿನವಿಡೀ ಹೊಲಿಗೆ ಸೊಟ್ಟ ಅಂತ ಬೈತಾಳೆ."

"ಸೊಟ್ಟಗೇ ಇದೆ, ನೋಡಿ ಬೇಕಾದ್ರೆ" ಅಂತ ತಾಯಿ ಬಟ್ಟೆಯನ್ನು ದಾದಮ್ಮನ ಮಡಿಲಿಗೆ ಹಾಕಿದಳು.