ಎಪ್ಪತ್ತಾದ ಮೇಲೆ ಅರವತ್ತೊಂಬತ್ತು

ಮೋಹನದಾಸರಿಗೆ ಎಪ್ಪತ್ತು ತುಂಬಿದ್ದಕ್ಕೆ ನಾನೇ ಸಾಕ್ಷಿ. ಹೋದ ವರ್ಷ ಮರಾಠಿ ನಾಡಿನ ಈ ಕೋಪರಿಯ ನಮ್ಮ ವಸತಿ ಸೊಸೈಟಿಯ ಹಾಲ್‌ನಲ್ಲಿ ಅವರ ಭೀಮರಥ ಶಾಂತಿ ನಡೆದಾಗ ಮೊದಲ ಪಂಕ್ತಿಯಲ್ಲೇ ಕೂತು ಮೂರು ಹೋಳಿಗೆ ತಿಂದವನು ನಾನು. ಪುರೋಹಿತರು ಆಯುಷ್ಯ, ಆರೋಗ್ಯ ಕೋರಿ ಕಲಶದ ನೀರನ್ನು ಗಂಡಹೆಂಡಿರ ತಲೆಗೆ ಸುರಿದರು. ದೇವರ ಕಡೆಯಿಂದ ಅವರ ವಯಸ್ಸಿನ ಬಗ್ಗೆ ಯಾವ ತಕರಾರೂ ಇರಲಿಲ್ಲ.

ಅವರು ಉಡುಪಿ ಕಡೆಯವರು, ನಾನು ಮೈಸೂರಿನವನು. ಇಪ್ಪತ್ತೆರಡು ವರ್ಷದಿಂದ ಎದುರುಬದುರು ಬಾಗಿಲು. ಸಂಜೆ ಕೆಳಗಿನ ಬೆಂಚಿನಲ್ಲಿ ನಮ್ಮಿಬ್ಬರ ಜಗಳ ಕೇಳದೆ ವಾಚ್‌ಮನ್‌ಗೆ ಚಹಾ ರುಚಿಸುತ್ತಿರಲಿಲ್ಲ. ಎಪ್ಪತ್ತು ದಾಟಿದವರಿಗೆಲ್ಲ, ಬಡವ ಬಲ್ಲಿದ ಎನ್ನದೆ, ಸರ್ಕಾರದ ಆರೋಗ್ಯ ವಿಮೆ ಎಂದು ಸುದ್ದಿ ಬಂದಾಗ ವಾರಗಟ್ಟಲೆ ಕಿತ್ತಾಡಿದ್ದೆವು.

"ಎಲ್ರಿಗೂ ಯಾಕೆ ಮಾರಾಯ್ರೆ? ಬಡವರಿಗೆ ಕೊಡ್ಲಿ. ನಾವು ದುಡಿದು ತಿಂದವರು, ನಮ್ಮ ಇನ್ಶೂರೆನ್ಸ್ ನಾವೇ ಮಾಡ್ಬೇಕು. ಸರ್ಕಾರ ಎಂತ ಎಲ್ಲರ ಅಪ್ಪನಾ?" ಎನ್ನುತ್ತಿದ್ದರು.

"ಕಾಯಿಲೆ ಬಿದ್ಮೇಲೆ ಬಡವ ಯಾರು, ಸಾಹುಕಾರ ಯಾರು ಅಂತ ವಿಚಾರಣೆ ಮಾಡ್ತಾ ಕೂರ್ತೀರೇನ್ರೀ?" ಎಂದು ನಾನು ಕೂಗುತ್ತಿದ್ದೆ. ಆದರೂ ಅವರು ಆ ಕಾರ್ಡಿಗೆ ಅರ್ಜಿ ಹಾಕಲಿಲ್ಲ. ಬರೀ ಸ್ವಾಭಿಮಾನ ಎಂದುಕೊಂಡಿದ್ದೆ. ತಮ್ಮದೇ ಪಾಲಿಸಿಯನ್ನು, ಪ್ರೀಮಿಯಂ ಕೈಗೆಟುಕದೆ ಮೂರು ವರ್ಷದ ಹಿಂದೆಯೇ ಬಿಟ್ಟಿದ್ದಾರೆ ಎಂಬುದನ್ನು ಈ ಮಹಾಶಯ ನನಗೂ ಹೇಳಿರಲಿಲ್ಲ.

ಈ ಜೂನ್‌ನಲ್ಲಿ ಸ್ಟೇಷನ್ನಿನ ಸೇತುವೆ ಹತ್ತುವಾಗ ಅವರಿಗೆ ಎದೆ ಹಿಡಿದುಕೊಂಡಿತು. ಮೂರು ಕಡೆ ಬ್ಲಾಕ್, ತಿಂಗಳೊಳಗೆ ಬೈಪಾಸ್ ಆಗಲೇಬೇಕು ಎಂದರು ಡಾಕ್ಟರು. ಅವರ ಹೆಂಡತಿ ಪ್ರಫುಲ್ಲಕ್ಕ, ನಾನು, ಸೀವುಡ್ಸ್‌ನಿಂದ ಓಡಿಬಂದ ಅವರ ಮಗಳು ದಿಶಾ, ಮೂವರೂ ಆಸ್ಪತ್ರೆಯ ವಿಮೆ ಕೌಂಟರಿಗೆ ಹೋದೆವು. ರಾಜ್ಯದ ಯೋಜನೆಗೆ ಇಲ್ಲಿನ ರೇಷನ್ ಕಾರ್ಡ್ ಬೇಕೆಂದರು. ಇವರ ಹೆಸರು ಇಂದಿಗೂ ಊರಿನ ಕಾರ್ಡಿನಲ್ಲಿದೆ. ಸರಿ, ಎಪ್ಪತ್ತರ ಕಾರ್ಡನ್ನೇ ಮಾಡಿಕೊಡಿ ಎಂದೆ. ಕೌಂಟರಿನ ಹುಡುಗಿ ಆಧಾರ್ ನಂಬರ್ ಒತ್ತಿ ತಲೆಯೆತ್ತಿದಳು.

"ಅಂಕಲ್‌ಗೆ ಅರವತ್ತೊಂಬತ್ತು. ಎಪ್ಪತ್ತಕ್ಕೆ ಇನ್ನೂ ಹತ್ತು ತಿಂಗಳು ಇದೆ," ಎಂದಳು ಹಿಂದಿಯಲ್ಲಿ.

ಪ್ರಫುಲ್ಲಕ್ಕ ಮೊಬೈಲ್ ತೆಗೆದು ಶಾಂತಿಯ ಫೋಟೋ ತೋರಿಸಿದರು. ಕಲಶ, ಹಾರ, ಹೋಮದ ಹೊಗೆಗೆ ಕಣ್ಣು ಕೆಂಪಾದ ಗಂಡ. "ಇದು ಎಪ್ಪತ್ತು ತುಂಬಿದ್ದಕ್ಕೇ ಮಾಡಿದ್ದು ಮಗಾ," ಎಂದರು ಕನ್ನಡದಲ್ಲೇ. ಹುಡುಗಿ ನಗಲಿಲ್ಲ. ಅವಳ ಕಂಪ್ಯೂಟರಿನಲ್ಲಿ ಹೋಳಿಗೆಗೆ ಜಾಗ ಇರಲಿಲ್ಲ, ಪಾಪ.

ಆ ಸಂಜೆ ಮಂಚದ ಮೇಲೆ ಕೂತು ಮೋಹನದಾಸರು ಎಲ್ಲ ಬಾಯಿಬಿಟ್ಟರು. ಹದಿನೆಂಟರಲ್ಲಿ ಊರುಬಿಟ್ಟು ಬಂದು, ಮಾವನ ಹೋಟೆಲಿನ ಗಲ್ಲಾದಲ್ಲಿ ಎಂಟು ವರ್ಷ ಕೂತವರು. ಬೇಲಾಪುರ ರಸ್ತೆಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್‌ಕೀಪರ್ ಕೆಲಸ ಖಾಲಿಯಾದಾಗ ಇವರಿಗೆ ಇಪ್ಪತ್ತಾರು, ಅಲ್ಲಿ ಮಿತಿ ಇಪ್ಪತ್ತೈದು. ಶಾಲೆಯ ಕಾಗದ ಕಳೆದುಹೋಗಿದೆ ಎಂದು ನೋಟರಿಯ ಎದುರು ಅಫಿಡವಿಟ್ ಬರೆಸಿ ಎರಡು ವರ್ಷ ಇಳಿಸಿಕೊಂಡರು. ಆಗ ಹೋಟೆಲಿನಿಂದ ಫ್ಯಾಕ್ಟರಿಗೆ ಹಾರಿದವರಲ್ಲಿ ಹಲವರು ಮಾಡಿದ್ದೇ ಅದು. ಮುಂದೆ ಪಿಎಫ್, ಪ್ಯಾನ್, ಆಧಾರ್ ಎಲ್ಲವೂ ಆ ಅಫಿಡವಿಟ್ಟಿನ ಹಿಂದೆಯೇ ನಡೆದವು. ನಿವೃತ್ತಿಯೂ ಎರಡು ವರ್ಷ ತಡವಾಗಿ ಬಂತು. ಶಾಂತಿ, ಪೂಜೆಗಳು ಮಾತ್ರ ಜಾತಕದ ಪ್ರಕಾರ. ದೇವರಿಗೆ ಸುಳ್ಳು ಹೇಳುವ ಧೈರ್ಯ ಅವರಿಗೆ ಇರಲಿಲ್ಲ.

"ಊರಲ್ಲಿ ಕಮಲಾಕ್ಷ ಭಾವ ಇದ್ದಾರಲ್ಲ, ಶಾಲೆಯ ರಿಜಿಸ್ಟರ್ ತೆಗೆಸಿ ತಪ್ಪು ತಿದ್ದಿಸುವಾ," ಎಂದರು ಪ್ರಫುಲ್ಲಕ್ಕ.

ಮೋಹನದಾಸರ ಮುಖ ಬಿಳಿಚಿಕೊಂಡಿತು. "ಬೇಡ. ನವೆಂಬರಿಗೆ ಪೆನ್ಶನ್ನಿನವರಿಗೆ ಹೆಬ್ಬೆಟ್ಟು ಒತ್ತಿ ಬದುಕಿದ್ದೇನೆ ಅಂತ ತೋರಿಸ್ಲಿಕ್ಕೆ ಉಂಟು. ಆಧಾರಲ್ಲಿ ಒಂದು, ಪೆನ್ಶನ್ನಲ್ಲಿ ಒಂದು ಇದ್ರೆ ಎಂತ ಹೇಳುದು? ಮೋಸಗಾರ ಅಂತ ಪೆನ್ಶನ್ ನಿಲ್ಲಿಸಿದ್ರೆ? ಹತ್ತು ತಿಂಗಳು ಹೇಗಾದ್ರೂ ತಳ್ಳುವಾ."

"ಪಪ್ಪಾ, ಡಾಕ್ಟರ್ ಏಕ್ ಮಹೀನಾ ಬೋಲಾ ಹೈ!" ಡಾಕ್ಟರು ಹೇಳಿದ್ದು ಒಂದೇ ತಿಂಗಳು ಎಂದು ದಿಶಾ ರಿಪೋರ್ಟನ್ನು ಅವರ ಮುಂದೆ ಹಿಡಿದಳು.

ನನಗೆ ಸಿಟ್ಟು ಬಂತು. ಅವರ ಮೇಲೋ, ಆ ಅಫಿಡವಿಟ್ಟಿನ ಮೇಲೋ, ಹೃದಯ ತೋರಿಸಿದರೆ ಹುಟ್ಟಿದ ತಾರೀಕು ಕೇಳುವ ಕೌಂಟರಿನ ಮೇಲೋ ತಿಳಿಯದು. ಇದನ್ನೇ ಅಲ್ಲವೇ ನಾನು ಬೆಂಚಿನಲ್ಲಿ ಕೂಗಿದ್ದು, ಎನ್ನಲು ನಾಲಗೆ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಗೆದ್ದ ವಾದ ಇಷ್ಟು ಕಹಿಯಾಗಿರುತ್ತದೆಂದು ಗೊತ್ತಿರಲಿಲ್ಲ.

ಪ್ರಫುಲ್ಲಕ್ಕ ಎದ್ದು ಗಂಡನ ಎದುರು ನಿಂತರು. "ನೀವು ಹೋದ್ರೆ ಅರ್ಧ ಪೆನ್ಶನ್ ನನಗೆ ಬರ್ತದಲ್ಲ? ನನಗೆ ಅದು ಬೇಡ. ಭಾವನಿಗೆ ಈಗ್ಲೇ ಫೋನ್ ಮಾಡಿ," ಎಂದರು.

ಮೋಹನದಾಸರು ಮೊಬೈಲ್ ಎತ್ತಿಕೊಂಡು ಭಾವನ ನಂಬರ್ ಒತ್ತಿದರು.

ರಿಜಿಸ್ಟರಿನ ಪ್ರತಿ ಊರಿನಿಂದ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ಎದುರು ಮನೆಯಲ್ಲಿ ಕೆಮ್ಮು ಕೇಳಿಸಿದರೆ ನಾನು ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಹತ್ತನೆಯ ದಿನ ಆಧಾರ್ ಕೇಂದ್ರಕ್ಕೆ ಹೋದೆವು. ಟೋಕನ್ ಹಿಡಿದು ಎರಡು ಗಂಟೆ ಕೂತ ಮೇಲೆ ಸರದಿ ಬಂತು. ಅಲ್ಲಿಯ ತರುಣ ಎರಡೂ ಕಾಗದ ಅಕ್ಕಪಕ್ಕ ಇಟ್ಟುಕೊಂಡು ಮರಾಠಿಯಲ್ಲಿ ಕೇಳಿದ: "ಆಜೋಬಾ, ಖರಂ ವಯ ಕಾಯ?" ಅಜ್ಜಾ, ನಿಜವಾದ ವಯಸ್ಸೆಷ್ಟು?

ಮೋಹನದಾಸರು ಹೆಂಡತಿಯ ಕಡೆ ನೋಡಿದರು. ನಲವತ್ತೈದು ವರ್ಷ ಕಚೇರಿಗಳಲ್ಲಿ ಹೇಳದೇ ಇದ್ದದ್ದನ್ನು ಮೆಲ್ಲಗೆ ಹೇಳಿದರು. "ಏಕಾಹತ್ತರ್." ಎಪ್ಪತ್ತೊಂದು.

"ಅರ್ಜಿ ಮೇಲೆ ಹೋಗುತ್ತದೆ. ಅವರು ಪರಿಶೀಲಿಸಿ ಒಪ್ಪಿದರೆ ಮೆಸೇಜ್ ಬರುತ್ತದೆ," ಎಂದ ಆತ. ಎಷ್ಟು ದಿನ ಎಂದು ಕೇಳಿದೆ. ಹೇಳಲಾಗದು ಎಂದು ಕೈಯಾಡಿಸಿದ.

ಅರ್ಜಿ ಕೊಟ್ಟು ಇಂದಿಗೆ ಹದಿಮೂರು ದಿನ. ಡಾಕ್ಟರು ಕೊಟ್ಟ ತಿಂಗಳಲ್ಲಿ ಉಳಿದಿರುವುದು ಒಂದು ವಾರ. ಅಷ್ಟರಲ್ಲಿ ಮೆಸೇಜ್ ಬರದಿದ್ದರೆ ಸೀವುಡ್ಸ್‌ನ ಮನೆ ಅಡವಿಡುತ್ತೇನೆ ಎನ್ನುತ್ತಾಳೆ ದಿಶಾ. ಅಪ್ಪ ಕೂಡದು ಎನ್ನುತ್ತಾರೆ. ಬೆಂಚಿನಲ್ಲಿ ನಾವಿಬ್ಬರೂ ಈಗ ಯಾವ ಸುದ್ದಿಗೂ ಜಗಳವಾಡುವುದಿಲ್ಲ. ಮೊಬೈಲನ್ನು ಅವರು ಅಂಗಿಯ ಎಡಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಆಗಾಗ ಅವರ ಕೈ ಫಕ್ಕನೆ ಎದೆಗೆ ಹೋಗುತ್ತದೆ. ಮೆಸೇಜೋ ನೋವೋ ಗೊತ್ತಾಗುವವರೆಗೆ ಪಕ್ಕದಲ್ಲಿರುವ ಪ್ರಫುಲ್ಲಕ್ಕ ಉಸಿರು ಬಿಡುವುದಿಲ್ಲ.