ಕಾಫಿ ಕಣದಲ್ಲಿ ನಮ್ಮ ಬ್ಯಾಂಡು

ನಮ್ಮ ಬ್ಯಾಂಡಿನಲ್ಲಿ ಇದ್ದವರು ಇಬ್ಬರೇ. ಗಿಟಾರು ಹಿಡಿದು ಹಾಡುತ್ತಿದ್ದವಳು ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು, ಡ್ರಮ್ಮು ನನ್ನದು. ಗರಾಜ್, ಗ್ಲಾಮ್, ಪೋಸ್ಟ್-ಪಂಕ್ ಮೂರೂ ಸೇರಿದ ಸಂಗೀತ ನಮ್ಮದು ಎಂದು ಅವಳು ಹೇಳುತ್ತಿದ್ದಳು. ಖಾಲಿ ಕಾಫಿ ಸ್ಟೋರಿನಲ್ಲಿ ಎಬ್ಬಿಸುವ ಒರಟು ಸದ್ದು ಗರಾಜು, ಕಣ್ಣಿನ ಸುತ್ತ ಬಳಿದುಕೊಳ್ಳುವ ಬೆಳ್ಳಿ ಬಣ್ಣ ಗ್ಲಾಮು, ಬೇಸರವನ್ನೇ ತಾಳ ಹಾಕಿ ಹೇಳುವುದು ಪೋಸ್ಟ್-ಪಂಕು ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಇಡೀ ಕುಂದೂರು ಕಡೆ ಇದನ್ನೆಲ್ಲ ಮಾತಾಡಲು ನನಗಿದ್ದವಳು ಅವಳೊಬ್ಬಳೇ.

ಅವಳಿಗೆ ಮಂಗಳೂರಿನ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತು. "ಒಂದ್ಸಲ ಜನರ ಮುಂದೆ ನುಡಿಸೋಣ. ಹತ್ತು ಜನ ಕೇಳಿದ್ರೆ ಪ್ರತಿ ಶನಿವಾರ ಬರ್ತೀನಿ. ಇಲ್ದಿದ್ರೆ ಇಲ್ಲಿಗೇ ಸಾಕು ಮಾರಾಯ" ಎಂದಳು. ಜನ ಸೇರಿಸುವ ಹೊಣೆ ನಾನು ಹೊತ್ತೆ.

ನಮ್ಮ ಸುತ್ತಿನವರೆಲ್ಲ ತಪ್ಪದೆ ನೋಡುವುದು ಒಂದೇ ವಾಟ್ಸ್ಯಾಪ್ ಗ್ರೂಪು, ಕಾಡಾನೆ ಎಲ್ಲಿದೆ ಎಂದು ತಿಳಿಸುವುದು. ಮಹಾ ಬುದ್ಧಿವಂತನಂತೆ ಅದರಲ್ಲೇ ಹಾಕಿದೆ: "ಇವತ್ತು ಸಂಜೆ ನಾಲ್ಕಕ್ಕೆ ನಮ್ಮ ಕಾಫಿ ಕಣದಲ್ಲಿ ಬ್ಯಾಂಡ್. ಎಲ್ಲರೂ ಬನ್ನಿ." ಆ ಗ್ರೂಪಿನಲ್ಲಿ ಯಾರೂ ಪೂರ್ತಿ ಓದುವುದಿಲ್ಲ. ಜಾಗದ ಹೆಸರು ಕಂಡರೆ ಸಾಕು, ಆ ಕಡೆ ಹೋಗುವುದನ್ನೇ ಬಿಡುತ್ತೇವೆ. ನಾನೂ ಹಾಗೇ ಮಾಡುವವನು. ಆದರೂ ಹೊಳೆಯಲಿಲ್ಲ, ನನ್ನ ಬುದ್ಧಿಗೆ ಮಣ್ಣು ಹಾಕ!

ನಾಲ್ಕಾಯಿತು, ನಾಲ್ಕೂವರೆಯಾಯಿತು. ಒಂದು ನರಪಿಳ್ಳೆಯೂ ಬರಲಿಲ್ಲ. ಬೆಳ್ಳಿ ಬಳಿದುಕೊಂಡ ಮುಖಗಳಲ್ಲೇ ಖಾಲಿ ಕಣಕ್ಕೆ ಐದು ಹಾಡು ನುಡಿಸಿದೆವು. ಅವಳು ಒಂದನ್ನೂ ಮೊಟಕು ಮಾಡಲಿಲ್ಲ. ಕೊನೆಗೆ ನಲ್ಲಿಯಲ್ಲಿ ಮುಖ ತೊಳೆದು, "ಬರ್ಲಾ?" ಎಂದಳು. ನನಗೆ ಅಳು ಬಂತು. ಡ್ರಮ್ಮಿನ ತಿರುಪು ಬಿಗಿ ಮಾಡುವವನಂತೆ ಬಗ್ಗಿಬಿಟ್ಟೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಅವಳು ಹೋದಳು.

ಅವತ್ತೇ ಮಧ್ಯಾಹ್ನ ಕೆಳಗಿನ ಮನೆಯ ಅಜ್ಜಿ ದಾರಿಯಲ್ಲಿ ಸಿಕ್ಕರು.

"ಆನೆ ಹೋಯ್ತೇನಪ್ಪ? ನಿನ್ನೆ ಊರೋರೆಲ್ಲ ಬಾಗ್ಲು ಹಾಕ್ಕಂಡು ಕುಂತಿದ್ವಿ. ಹಾಡು ಹೇಳಿ ಆನೆ ಓಡಿಸ್ತಾವ್ರಲ್ಲ ಅಂತ ನಕ್ಬುಟ್ವಿ ಕಣಪ್ಪ. ಆ ಮೂರನೇದು ಮಾತ್ರ ಬಾಳ ಚೆನ್ನಾಗಿತ್ತು. ನನ್ ಸೊಸೆ ಕಿಟಕಿ ತೆಗ್ದು ಕೇಳಿದ್ಲು."

ಅಲ್ಲೇ ನಿಂತು ಮಂಗಳೂರಿಗೆ ಹೋದವಳಿಗೆ ಫೋನ್ ಮಾಡಿದೆ. ಎತ್ತಲಿಲ್ಲ. "ಹತ್ತು ಜನ ಅಲ್ಲ, ಊರಿಗೂರೇ ಕೇಳಿದೆ. ಮೂರನೇ ಹಾಡು ತುಂಬ ಹಿಡಿಸ್ತಂತೆ" ಎಂದು ಬರೆದು ಕಳಿಸಿದೆ.

ಸಂಜೆ ಉತ್ತರ ಬಂತು. "ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ ಮಾರಾಯ."